ಹಿಂಗಾರಿ ಬೆಳೆಗಳೂ ಚಳಿಗಾಲದ ಹವಾಮುನ್ಸೂಚನೆಯೂ
(ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಗ್ರಾಮಮುಖ್ಯರಿಗೂ ಭೂಮಾಲೀಕರಿಗೂ)

ಉತ್ತರ ದೇಶದ ಪರ್ವತಗಳಲ್ಲಿ ಹಿಮ ಬಿದ್ದಿತೆಂಬ ಸುದ್ದಿಯು ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನಮ್ಮ ಹಳ್ಳಿಗಳಿಗೂ ಬಂದು ಮುಟ್ಟುವುದು. ಅದನ್ನು ಕೇಳಿದ ರೈತನು, "ಅಲ್ಲಿಯ ಹಿಮಕ್ಕೂ ನನ್ನ ಹೊಲದ ಜೋಳಕ್ಕೂ ಸಂಬಂಧವೇನು?" ಎಂದು ಕೇಳುವುದು ಸಹಜ. ಹಿಮವು ನಮ್ಮಲ್ಲಿಗೆ ಬರಲಾರದು. ಆದರೆ ಅದರ ಹಿಂದೆ ಹೊರಡುವ ಶೀತವು ಒಮ್ಮೊಮ್ಮೆ ಬರುವುದುಂಟು. ಅದು ಬರುವ ಕಾಲವಾದರೂ ಎಂಥದು? ಜೋಳವು ಹೊಡೆ ತುಂಬಿ ತೆನೆ ಹೊರಡಿಸುವ ಕಾಲ. ತೊಗರಿಯು ಹೂ ಕಾಯಿಗಳಿಂದ ತುಂಬಿರುವ ಕಾಲ. ಕಾಲುವೆಯ ಕೆಳಗೆ ಬೇಸಿಗೆ ಭತ್ತಕ್ಕೆ ಸಸಿಮಡಿ ಬಿಡುವ ಕಾಲ. ಆದುದರಿಂದ ಚಳಿಯ ಮುನ್ಸೂಚನೆಯನ್ನು ಕೇಳಿ ಬಿಡದೆ, ಅದನ್ನು ತಮ್ಮ ತಮ್ಮ ಹೊಲಕ್ಕೆ ಹೊಂದಿಸಿಕೊಳ್ಳುವ ಕ್ರಮವನ್ನು ಅರಿತಿರುವುದು ಅವಶ್ಯ. ಅದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ನಮ್ಮ ಚಳಿಯು ಎಲ್ಲಿಂದ ಬರುವುದು

ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಮೋಡ ಮಳೆಗಳನ್ನು ಹೊತ್ತ ವಾಯುವಿಕ್ಷೋಭಗಳು ಪೂರ್ವಾಭಿಮುಖವಾಗಿ ಸಾಗಿ ಬರುವುವು. ಇವಕ್ಕೆ ಹವಾಮಾನ ಶಾಸ್ತ್ರಜ್ಞರು 'ಪಶ್ಚಿಮದ ಕ್ಷೋಭೆ'ಗಳೆಂದು ಹೆಸರಿಟ್ಟಿರುವರು. ಕಾಶ್ಮೀರ, ಹಿಮಾಚಲಗಳ ಎತ್ತರದ ಪ್ರದೇಶಗಳಲ್ಲಿ ಹಿಮ ಸುರಿಸುವುವು ಇವೇ. ಇಂಥ ಕ್ಷೋಭೆಯು ದಾಟಿಹೋದ ಮೇಲೆ ಅದರ ಬೆನ್ನಿಗೆ ಒಣ ಶೀತಲ ವಾಯುವು ಉತ್ತರದ ಬಯಲುಗಳ ಮೇಲೆ ಇಳಿದು, ಬಲವುಳ್ಳದ್ದಾದರೆ ವಿಂಧ್ಯವನ್ನು ದಾಟಿ ದಖ್ಖನಿನವರೆಗೂ ಹರಿಯುವುದು. ಶಿಮ್ಲೆಗೂ ಯಾದಗಿರಿಗೂ ನೇರ ರೇಖೆಯಲ್ಲಿ ಸುಮಾರು 1,600 ಕಿಲೋಮೀಟರು ಅಂತರವಿರುವುದರಿಂದ, ಆ ವಾಯುವು ದಾರಿಯಲ್ಲಿ ಬಹಳ ಮಟ್ಟಿಗೆ ಬೆಚ್ಚಗಾಗುವುದು. ಆದಕಾರಣ ಅಲ್ಲಿ ಬಿದ್ದ ಪ್ರತಿಯೊಂದು ಹಿಮವೂ ಇಲ್ಲಿಯ ಚಳಿಯಾಗುವುದಿಲ್ಲ. ಬಂಗಾಳ ಉಪಸಾಗರದಲ್ಲಿ ವಾಯುಭಾರ ಕುಸಿದು ಮೂಡಣ ಗಾಳಿಯೂ ಮೋಡವೂ ಬಂದರೆ, ಎಷ್ಟೇ ಹಿಮ ಬಿದ್ದಿರಲಿ, ನಮ್ಮ ರಾತ್ರಿಗಳು ಬೆಚ್ಚಗೇ ಇರುವುವು. ಹಿಮದ ಸುದ್ದಿಯನ್ನು ಎಚ್ಚರಗೊಳಿಸುವ ಗಂಟೆಯೆಂದು ತಿಳಿಯಬೇಕೇ ಹೊರತು ನಿರ್ಣಯವೆಂದು ತಿಳಿಯಬಾರದು.

ನಮ್ಮ ಮೂರು ತಾಲೂಕುಗಳು 16ನೆಯ ಮತ್ತು 17ನೆಯ ಅಕ್ಷಾಂಶಗಳ ಆಸುಪಾಸಿನಲ್ಲಿ, ಸಮುದ್ರ ಮಟ್ಟಕ್ಕಿಂತ ಸುಮಾರು 400 ಮೀಟರು ಎತ್ತರದಲ್ಲಿರುವುವು. ಇಷ್ಟು ದಕ್ಷಿಣದಲ್ಲಿ, ಇಷ್ಟು ತಗ್ಗಿನಲ್ಲಿ ಹಿಮವಾಗಲಿ, ಹೆಪ್ಪುಗಟ್ಟಿದ ಇಬ್ಬನಿಯಾಗಲಿ ಬೀಳುವ ಸಂಭವವಿಲ್ಲ. ದಕ್ಷಿಣದಲ್ಲಿ ಅದನ್ನು ನೋಡಬೇಕಾದರೆ ನೀಲಗಿರಿಯ ಉದಕಮಂಡಲದಂಥ ಎತ್ತರಕ್ಕೆ ಹೋಗಬೇಕು. ಚೈತ್ರ ವೈಶಾಖಗಳಲ್ಲಿ ಬೀಳುವ ಆಲಿಕಲ್ಲು ಗುಡುಗುಮಳೆಯ ಮೋಡದಲ್ಲಿ ಹುಟ್ಟುವುದು, ಅದು ಹಿಮವಲ್ಲ. ಆದರೂ ನಮ್ಮ ಸೀಮೆಯ ಹವೆಯು ಎರಡೂ ಕಡೆಗೆ ತೀವ್ರವಾಗಬಲ್ಲದು. ನಮ್ಮ ಉತ್ತರಕ್ಕಿರುವ ಬೀದರಿನಲ್ಲಿ 1918ನೆಯ ಇಸವಿ ಡಿಸೆಂಬರ್ 16ರಂದು 2.8 ಡಿಗ್ರಿ ಸೆಲ್ಸಿಯಸ್ ಉಷ್ಣಮಾನವೂ, ದಕ್ಷಿಣಕ್ಕಿರುವ ರಾಯಚೂರಿನಲ್ಲಿ 1928ನೆಯ ಇಸವಿ ಮೇ 23ರಂದು 45.6 ಡಿಗ್ರಿಯೂ ದಾಖಲಾಗಿರುವುವು. ಇವೆರಡರ ನಡುವೆ ಇರುವುದೇ ನಮ್ಮ ಬೇಸಾಯ.

2. ಮುನ್ಸೂಚನೆಯ ಮಾತುಗಳ ಅರ್ಥ

ಭಾರತ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪಿತವಾಯಿತು. ರೈತರಿಗೆಂದೇ ಪ್ರತ್ಯೇಕ ಹವಾವಾರ್ತೆಯು ರೇಡಿಯೋ ಮೂಲಕ 1945ರಲ್ಲಿ ಆರಂಭವಾಯಿತು. ಈಗ ಮಂಗಳವಾರ ಮತ್ತು ಶುಕ್ರವಾರಗಳಲ್ಲಿ ಕೃಷಿ ಹವಾಮಾನ ಸಲಹೆಗಳು ಹೊರಡುವುವು. 'ಮೇಘದೂತ' ಎಂಬ ಮೊಬೈಲ್ ಸಾಧನದಲ್ಲಿಯೂ ಅವನ್ನು ನೋಡಬಹುದು. ಅವುಗಳಲ್ಲಿ ನಮ್ಮ ಜಿಲ್ಲೆಯು 'ಉತ್ತರ ಒಳನಾಡು' ಎಂಬ ವಿಭಾಗಕ್ಕೆ ಸೇರಿರುವುದು. ಅಲ್ಲಿ ಬರುವ ಕೆಲವು ಮಾತುಗಳ ಅರ್ಥವನ್ನು ಸ್ಪಷ್ಟವಾಗಿ ತಿಳಿದಿರಬೇಕು.

'ಕನಿಷ್ಠ ಉಷ್ಣಮಾನ'ವೆಂದರೆ ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅತ್ಯಂತ ಕಡಿಮೆಯಾದ ಅಂಕೆ. ಸಾಮಾನ್ಯವಾಗಿ ಇದು ಸೂರ್ಯೋದಯದ ಹೊತ್ತಿಗೆ ಬರುವುದು, ನಡುರಾತ್ರಿಯಲ್ಲಲ್ಲ. 'ವಾಡಿಕೆ'ಯೆಂದರೆ ಬಹು ವರ್ಷಗಳ ಸರಾಸರಿ. ನಮ್ಮ ಸೀಮೆಯಲ್ಲಿ ಡಿಸೆಂಬರ್, ಜನವರಿಗಳ ಕನಿಷ್ಠವು ವಾಡಿಕೆಯಂತೆ 15ರಿಂದ 18 ಡಿಗ್ರಿಗಳ ಒಳಗಿರುವುದು.

'ಶೀತಗಾಳಿ' ಎಂಬ ಮಾತನ್ನು ಕೇಳಿ ಗಾಳಿ ಬೀಸಲೇಬೇಕೆಂದು ಭಾವಿಸಬಾರದು. ಬಯಲು ಸೀಮೆಯ ಒಂದು ಸ್ಥಳದಲ್ಲಿ ಕನಿಷ್ಠವು 10 ಡಿಗ್ರಿ ಅಥವಾ ಅದಕ್ಕೂ ಕೆಳಗಿಳಿದು, ವಾಡಿಕೆಗಿಂತ 4.5ರಿಂದ 6.4 ಡಿಗ್ರಿಗಳಷ್ಟು ಕಡಿಮೆಯಾದರೆ ಇಲಾಖೆಯು ಅದನ್ನು ಶೀತಗಾಳಿಯೆಂದು ಕರೆಯುವುದು, ಕೊರತೆಯು 6.4ನ್ನು ಮೀರಿದರೆ ತೀವ್ರ ಶೀತಗಾಳಿಯೆನ್ನುವುದು. ವಾಡಿಕೆಯು 16 ಇದ್ದ ಕಡೆ 10ಕ್ಕೆ ಇಳಿದರೆ ಕೊರತೆಯು 6, ಅದು ಶೀತಗಾಳಿ. 12ಕ್ಕೆ ಇಳಿದರೆ ಈ ಲೆಕ್ಕದಲ್ಲಿ ಶೀತಗಾಳಿಯಲ್ಲ. ಆದರೆ ಮುಂದೆ ಹೇಳುವಂತೆ, ಇಲಾಖೆಯ ಲೆಕ್ಕದಲ್ಲಿ ಶೀತಗಾಳಿಯಲ್ಲದ ರಾತ್ರಿಯೂ ಬೆಳೆಯ ಲೆಕ್ಕದಲ್ಲಿ ಅಪಾಯದ ರಾತ್ರಿಯಾಗಬಹುದು.

ಎಚ್ಚರಿಕೆಗಳಿಗೆ ನಾಲ್ಕು ಬಣ್ಣಗಳುಂಟು. ಹಸಿರಿಗೆ ಎಚ್ಚರಿಕೆಯಿಲ್ಲ; ಹಳದಿಗೆ ಸುದ್ದಿಯನ್ನು ಗಮನಿಸುತ್ತಿರಬೇಕು; ಕಿತ್ತಳೆಗೆ ಸಿದ್ಧರಾಗಬೇಕು; ಕೆಂಪಿಗೆ ತಕ್ಷಣ ಕಾರ್ಯಕ್ಕೆ ತೊಡಗಬೇಕು. ಮೂರು ದಿನಗಳೊಳಗಿನ ಮುನ್ಸೂಚನೆಯು ಹೆಚ್ಚು ನೆಚ್ಚತಕ್ಕದ್ದು. ದಿನಗಳು ದೂರವಾದಂತೆ ಅದರ ನಿಶ್ಚಯವು ತಗ್ಗುವುದು.

3. ಮುನ್ಸೂಚನೆಯ ಅಂಕೆ ಬೇರೆ, ಹೊಲದ ಅಂಕೆ ಬೇರೆ

ಈ ಪಾಠದಲ್ಲಿ ಮುಖ್ಯವಾಗಿ ನೆನಪಿಡತಕ್ಕ ವಿಷಯವಿದು. ಮುನ್ಸೂಚನೆಯ ಅಂಕೆಯು ಜಿಲ್ಲೆಗೆ ಅಥವಾ ಒಂದು ಕೇಂದ್ರಕ್ಕೆ ಸಂಬಂಧಿಸಿದ್ದು. ಅಂಥ ಕೇಂದ್ರದಲ್ಲಿ ಉಷ್ಣಮಾಪಕವನ್ನು ಬಿಳಿಯ ಬಣ್ಣದ ಗವಾಕ್ಷಿಯ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಇಟ್ಟಿರುವರು. ಆದರೆ ಕಡಲೆಯ ಗಿಡವಾಗಲಿ ಭತ್ತದ ಸಸಿಯಾಗಲಿ ನಾಲ್ಕು ಅಡಿ ಎತ್ತರದಲ್ಲಿ ಬೆಳೆಯುವುದಿಲ್ಲ.

ಆಕಾಶವು ನಿರ್ಮಲವಾಗಿ, ಗಾಳಿಯಿಲ್ಲದೆ, ಹವೆಯು ಒಣಗಿರುವ ರಾತ್ರಿಯಲ್ಲಿ ಭೂಮಿಯು ಹಗಲು ಪಡೆದ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುವುದು. ನೆಲದ ಹತ್ತಿರದ ಗಾಳಿಯು ಮೊದಲು ತಣಿಯುವುದು. 1932ರಲ್ಲಿ ಹವಾಮಾನ ಇಲಾಖೆಯ ಎಲ್. ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ ಎಂಬವರು, ಇಂಥ ರಾತ್ರಿಗಳಲ್ಲಿ ಬರಿ ನೆಲದ ಮೇಲೆ ಅತ್ಯಂತ ಶೀತಲವಾದ ಗಾಳಿಯು ನೆಲಕ್ಕೆ ತಾಗಿರದೆ, ಅದಕ್ಕಿಂತ ಗೇಣು ಮೊಳಗಳಷ್ಟು ಮೇಲೆ ನಿಂತಿರುವುದೆಂದು ತೋರಿಸಿಕೊಟ್ಟರು. ಗೇಣು ಮೊಳದ ಎತ್ತರವೆಂದರೆ ನಮ್ಮ ಎಳೆಯ ಬೆಳೆಗಳು ತಲೆಯೆತ್ತಿ ನಿಂತಿರುವ ಎತ್ತರವೇ ಸರಿ. ಹೀಗಿರಲು, ಪೆಟ್ಟಿಗೆಯಲ್ಲಿ 12 ತೋರಿದ ರಾತ್ರಿಯಲ್ಲಿ ಬೆಳೆಯ ಮಟ್ಟದಲ್ಲಿ 8 ಅಥವಾ 9 ಇದ್ದರೆ ಆಶ್ಚರ್ಯವಿಲ್ಲ.

ಇನ್ನು ಶೀತಲ ವಾಯುವು ಭಾರವುಳ್ಳದ್ದಾದ್ದರಿಂದ ನೀರಿನಂತೆ ತಗ್ಗಿಗೆ ಹರಿಯುವುದು. ಹಳ್ಳದ ಪಾತ್ರದ ಹೊಲ, ಕೆರೆಯ ಹಿಂದಿನ ತಗ್ಗು, ಎತ್ತರದ ಒಡ್ಡಿನ ಹಿಂದೆ ಸಿಕ್ಕಿಬಿದ್ದ ತುಂಡು, ಇವು ಚಳಿಯ ಹೊಂಡಗಳಾಗುವುವು. ಸುರಪುರ, ಶಹಾಪುರಗಳ ಕಲ್ಲುಗುಡ್ಡಗಳ ಇಳುಕಲಿನ ಹೊಲಕ್ಕಿಂತ ಅದರ ಕೆಳಗಿನ ತಗ್ಗಿನ ಹೊಲವು ಬೆಳಗಿನ ಜಾವದಲ್ಲಿ ಹೆಚ್ಚು ತಣ್ಣಗಿರುವುದನ್ನು ಕುರಿಗಾಹಿಗಳು ಬಲ್ಲರು; ಅವರು ಹಟ್ಟಿಯನ್ನು ತಗ್ಗಿನಲ್ಲಿ ಹಾಕುವುದಿಲ್ಲ.

ಇದನ್ನು ನಾನು ಕಲಿತದ್ದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ, ಕಾಲುವೆಯ ಕೊನೆಯ ಭಾಗದ ಒಂದು ಹಳ್ಳಿಯಲ್ಲಿ ರೈತನೊಬ್ಬನು ಸಸಿಮಡಿಗೆ ಚಳಿಯ ಭಯವಿದೆಯೇ ಎಂದು ಕೇಳಿದನು. ಮುನ್ಸೂಚನೆಯಲ್ಲಿ 13 ಡಿಗ್ರಿಯಿದ್ದುದನ್ನು ನೋಡಿ, ಭಯವಿಲ್ಲವೆಂದು ಹೇಳಿಬಿಟ್ಟೆನು. ಅವನ ಮಡಿಯು ಹಳ್ಳದ ದಂಡೆಯ ತಗ್ಗಿನಲ್ಲಿದ್ದುದನ್ನು ಹೋಗಿ ನೋಡಲಿಲ್ಲ. ವಾರವೊಂದರಲ್ಲಿ ಸಸಿಗಳೆಲ್ಲ ಬಿಳಿಚಿ ಕುಂಠಿತವಾದವು. ಅದೇ ಬೀಜವನ್ನು ಅದೇ ದಿನ ಮೇಲಿನ ಮಟ್ಟದಲ್ಲಿ ಚೆಲ್ಲಿದ್ದ ನೆರೆಯವನ ಮಡಿಯು ಹಸಿರಾಗಿಯೇ ಇದ್ದಿತು. ಆ ಮೇಲೆ ಎರಡೂ ಕಡೆ ಉಷ್ಣಮಾಪಕಗಳನ್ನು ಕಟ್ಟಿ ನೋಡಲಾಗಿ, ಬೆಳಗಿನ ಜಾವದಲ್ಲಿ ನಾಲ್ಕು ಡಿಗ್ರಿಗಳ ವ್ಯತ್ಯಾಸ ಕಂಡುಬಂದಿತು. ಆ ರೈತನು ನಾಟಿಯ ಹದವನ್ನು ಕಳೆದುಕೊಂಡು, ಸಾಲ ಮಾಡಿ ಸಸಿ ಕೊಳ್ಳಬೇಕಾಯಿತು. ಮುನ್ಸೂಚನೆಯು ಸುಳ್ಳಾಗಿರಲಿಲ್ಲ, ಅದನ್ನು ಹೊಲಕ್ಕೆ ಹೊಂದಿಸದ ನನ್ನ ಸಲಹೆಯು ಸುಳ್ಳಾಯಿತು.

ಸಂಜೆಯ ಗುರುತುಗಳು: ಮುಳುಗುವ ಹೊತ್ತಿಗೆ ಗಾಳಿ ನಿಂತುಹೋಗಿ, ನಕ್ಷತ್ರಗಳು ಸ್ವಚ್ಛವಾಗಿ ಹೊಳೆದು, ಒಲೆಗಳ ಹೊಗೆಯು ಮೇಲಕ್ಕೇರದೆ ಊರ ಮೇಲೆ ಚಾದರದಂತೆ ಹಾಸಿಕೊಂಡರೆ, ಆ ರಾತ್ರಿ ತಗ್ಗಿನಲ್ಲಿ ಚಳಿಯು ಹೆಚ್ಚೆಂದು ತಿಳಿಯಬೇಕು. ಮೋಡ ಅಥವಾ ಗಾಳಿ ಇದ್ದರೆ ಅಷ್ಟು ಅಂಜಿಕೆಯಿಲ್ಲ. ಇಬ್ಬನಿಯು ಬೇಗನೆ ಬೀಳತೊಡಗಿದರೆ, ಹವೆಯೊಳಗಿನ ಆವಿಯು ನೀರಾಗುವಾಗ ಬಿಡುವ ಕಾವಿನಿಂದ ತಂಪು ಇಳಿಯುವುದು ನಿಧಾನವಾಗುವುದು. ಒಣ ಚಳಿಯೇ ಹೆಚ್ಚು ಕ್ರೂರವಾದದ್ದು.

4. ಬೆಳೆಗಳಿಗೆ ತಕ್ಕ ಎಚ್ಚರಿಕೆ

ಬಿಳಿಜೋಳ: ತೆನೆ ಹೊಡೆಯಲ್ಲಿರುವಾಗ ಮತ್ತು ಹೂ ಬಿಡುವಾಗ ಹಲವು ರಾತ್ರಿಗಳು ಒಂದೇ ಸಮನೆ 12, 13 ಡಿಗ್ರಿಗಳಿಗಿಂತ ಕೆಳಗಿಳಿದರೆ ಪರಾಗವು ಕೆಟ್ಟು ಕಾಳು ಕಟ್ಟುವುದು ಕಡಿಮೆಯಾಗುವುದು. ಹಾಗಾದ ತೆನೆಯನ್ನು ಯಾವ ಸಿಂಪರಣೆಯೂ ತುಂಬಲಾರದು. ಇದಕ್ಕೆ ಔಷಧವಿರುವುದು ಬಿತ್ತಿಗೆಯಲ್ಲಿ. ಉತ್ತರೆ, ಹಸ್ತೆಗಳ ಹದದಲ್ಲಿ, ತಡವಾದರೆ ಅಕ್ಟೋಬರ್ ಮಧ್ಯದೊಳಗೆ ಬಿತ್ತಿದ ಜೋಳವು ಕಠಿನ ಚಳಿಗೆ ಮುಂಚೆಯೇ ಹೂ ಮುಗಿಸುವುದು. ಚಿತ್ತೆ ಕಳೆದ ಮೇಲೆ ಬಿತ್ತಿದ್ದು ಚಳಿಯ ಬಾಯಿಗೆ ಬೀಳುವುದು. ಮಾಲದಂಡಿ ತಳಿಯಿಂದ ಆಯ್ದ ಎಂ 35-1 ಹಿಂಗಾರಿಯಲ್ಲಿ ಇಂದಿಗೂ ನಿಂತಿರುವುದಕ್ಕೆ ಅದು ಈ ಋತುವನ್ನು ಸಹಿಸುವ ಗುಣವೂ ಒಂದು ಕಾರಣ. ಎಡೆಕುಂಟೆಯನ್ನು ಶೀತಗಾಳಿಯ ಎಚ್ಚರಿಕೆಗೆ ಮುಂಚೆಯೇ ಮುಗಿಸಬೇಕು. ಹೊಸದಾಗಿ ಸಡಿಲಿಸಿದ ಒಣ ಮಣ್ಣು ಕಂಬಳಿಯಂತೆ ಕೆಲಸ ಮಾಡಿ ಒಳಗಿನ ಕಾವನ್ನು ಮೇಲೆ ಬಿಡುವುದಿಲ್ಲವಾದ್ದರಿಂದ, ಆ ರಾತ್ರಿ ಬೆಳೆಯ ಸುತ್ತಣ ಗಾಳಿಯು ಇನ್ನೂ ತಣಿಯುವುದು.

ತೊಗರಿ: ತೊಗರಿಗೆ ಒಣ ಚಳಿಗಿಂತ ಮಂಜು ಮೋಡಗಳ ಬಾಧೆ ಹೆಚ್ಚು. ಬೆಳಗಿನ ದಟ್ಟ ಮಂಜಿನಲ್ಲಿ ಹೂ ಉದುರುವುದನ್ನು ಎಲ್ಲರೂ ಕಂಡಿರುವರು. 2008ರಲ್ಲಿ ಸ್ಥಾಪಿತವಾದ ರಾಯಚೂರು ಕೃಷಿ ವಿಶ್ವವಿದ್ಯಾನಿಲಯದ 'ಪಲ್ಸ್ ಮ್ಯಾಜಿಕ್' ಎಂಬ ಪೋಷಕ ಮಿಶ್ರಣವನ್ನು ಲೀಟರು ನೀರಿಗೆ 10 ಗ್ರಾಮಿನಂತೆ, ಅರ್ಧದಷ್ಟು ಹೂ ಬಂದಾಗ ಒಮ್ಮೆಯೂ ಹದಿನೈದು ದಿನಗಳ ಮೇಲೆ ಇನ್ನೊಮ್ಮೆಯೂ ಸಿಂಪಡಿಸಿದರೆ ಹೂ ನಿಲ್ಲಲು ಸಹಾಯವಾಗುವುದು. ಮೋಡ ಕವಿದ ದಿನಗಳಲ್ಲಿ ಕಾಯಿಕೊರಕದ ಹುಳು ಹೆಚ್ಚಾದೀತು. ಎಕರೆಗೆ 2 ಮೋಹಕ ಬಲೆಗಳನ್ನು ಕಟ್ಟಿ, ಬಿದ್ದ ಪತಂಗಗಳನ್ನು ಎಣಿಸುತ್ತಿರಬೇಕು.

ಕಡಲೆ: ಚಳಿಯು ಕಡಲೆಗೆ ಮಿತ್ರನು. ನಮ್ಮಲ್ಲಿ ಹಗಲು ಸಾಕಷ್ಟು ಬಿಸಿಲಿರುವುದರಿಂದ ಹಗಲಿರುಳಿನ ಸರಾಸರಿಯು 15 ಡಿಗ್ರಿಗಿಂತ ಕೆಳಗಿಳಿದು ಹೂ ಬೀಳುವ ಉತ್ತರದೇಶದ ಕಷ್ಟವು ಸಾಮಾನ್ಯವಾಗಿ ಇಲ್ಲ. ಆದುದರಿಂದ ಚಳಿಯ ಸುದ್ದಿ ಕೇಳಿ ಕಡಲೆಗೆ ಹಣ ಸುರಿಯಬೇಕಾದ್ದಿಲ್ಲ. ಹುಳುವಿನ ಕಾವಲೊಂದು ಇದ್ದರೆ ಸಾಕು.

ಕುಸುಬೆ, ಹತ್ತಿ, ಮೆಣಸಿನಕಾಯಿ: ಕುಸುಬೆಗೆ ಈ ಕಾಲದಲ್ಲಿ ಕರಿಯ ಹೇನು ಅಂಟುವುದು, ಅಂಚಿನ ಸಾಲುಗಳಲ್ಲಿ ಮೊದಲು ಕಾಣಿಸುವುದರಿಂದ ಅಲ್ಲಿಯೇ ತಡೆಯಬೇಕು. ಹತ್ತಿಯ ಎಲೆಗಳು ಚಳಿಯಲ್ಲಿ ಕೆಂಪಾಗುವುದು ಎಲ್ಲ ಸಲವೂ ರೋಗವಲ್ಲ. ಮೆಗ್ನೀಷಿಯಂ ಕೊರತೆಯಿದ್ದಲ್ಲಿ ಲೀಟರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟಿನ ಸಿಂಪರಣೆ ಉಪಯುಕ್ತ. ಆದರೆ ಮುಗಿಯುತ್ತ ಬಂದ ಹತ್ತಿಯನ್ನು ಇನ್ನೊಂದು ಬಿಡಿಸುವಿಕೆಯ ಆಸೆಗೆ ಎಳೆಯಬಾರದು. ಗುಲಾಬಿ ಕಾಯಿಕೊರಕವು ಅದರಲ್ಲಿಯೇ ಮುಂದಿನ ವರ್ಷಕ್ಕೆ ಮನೆ ಮಾಡುವುದು. ಮೆಣಸಿನ ಗಿಡದ ಬೂದಿರೋಗಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಮಿನಂತೆ ಕೊಡತಕ್ಕದ್ದು.

ಭತ್ತದ ಸಸಿಮಡಿ: ಚಳಿಯಿಂದ ನೇರವಾಗಿ ಹೆಚ್ಚು ಹಾನಿಯಾಗುವುದು ಇಲ್ಲಿಯೇ. ನಾರಾಯಣಪುರದ ಎಡದಂಡೆ ಕಾಲುವೆಯ ಕೆಳಗೆ, ಎರಡನೆಯ ಬೆಳೆಗೆ ನೀರು ಬಿಡುವ ವಿಷಯದಲ್ಲಿ ನೀರಾವರಿ ಸಲಹಾ ಸಮಿತಿಯ ನಿರ್ಧಾರವನ್ನು ಕೇಳಿದ ಮೇಲೆಯೇ ಮಡಿ ಬಿಡಬೇಕು. ತಗ್ಗಿನ ಹೊಲವನ್ನು ಬಿಟ್ಟು ಮಟ್ಟದ ಹೊಲದಲ್ಲಿ ಮಡಿ ಮಾಡತಕ್ಕದ್ದು. ನೆನೆದ ಬೀಜವನ್ನು ಗೋಣಿಚೀಲದಲ್ಲಿ ಕಟ್ಟಿ, ಹುಲ್ಲು ಹೊದಿಸಿ, ಬೆಚ್ಚಗಿರುವ ಕೋಣೆಯಲ್ಲಿ ಮೊಳಕೆ ಬರಿಸಬೇಕು. ಸಂಜೆ ಮಡಿಗೆ ಎರಡು ಮೂರು ಬೆರಳು ನೀರು ಕಟ್ಟಿ, ಬೆಳಿಗ್ಗೆ ಆ ತಣ್ಣೀರನ್ನು ಬಸಿದುಬಿಡಬೇಕು. ಕೊಳವೆಬಾವಿಯ ನೀರು ಚಳಿಗಾಲದಲ್ಲಿ ಕಾಲುವೆಯ ನೀರಿಗಿಂತ ಬೆಚ್ಚಗಿರುವುದರಿಂದ, ಇದ್ದವರು ಅದನ್ನೇ ಬಳಸುವುದು ಲೇಸು. ಬಗ್ಗಿಸಿದ ಕೋಲುಗಳ ಮೇಲೆ ರಾತ್ರಿ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಬಿಸಿಲೇರಿದ ಕೂಡಲೆ ತೆಗೆಯಬೇಕು. ಹಳದಿಯಾದ ಸಸಿಯನ್ನು ಕಂಡು ಯೂರಿಯಾ ಸುರಿಯುವುದು ತಪ್ಪು. ಅದು ಹಸಿವಿನ ಹಳದಿಯಲ್ಲ, ಚಳಿಯ ಹಳದಿ. ಬೆಚ್ಚಗಿನ ದಿನಗಳು ಬಂದ ಮೇಲೆ ಕೊಟ್ಟ ಗೊಬ್ಬರವೇ ಸಸಿಗೆ ಸೇರುವುದು.

ನೀರಿದ್ದವರು ಬೇರೆ ಬೆಳೆಗಳಿಗೂ ಶೀತಗಾಳಿಯ ಮುನ್ನಾದಿನ ಹಗುರವಾಗಿ ನೀರು ಹಾಯಿಸಿದರೆ, ತೇವದ ಮಣ್ಣು ಹಗಲಿನ ಕಾವನ್ನು ಹೆಚ್ಚು ಹಿಡಿದಿಟ್ಟು ರಾತ್ರಿ ಬಿಡುವುದು. ಕಸ ಸುಟ್ಟು ಹೊಗೆ ಹಾಕುವುದರಿಂದ ದೊರೆಯುವ ಲಾಭವು ಅತ್ಯಲ್ಪ. ಒಣಗಿದ ಕಣಿಕೆಯ ಬಣವೆಗಳಿರುವ ಕಾಲದಲ್ಲಿ ಅದರ ಅಪಾಯವೇ ಹೆಚ್ಚು.

5. ದನಕರುಗಳೂ ಜನರೂ

ಎಳೆಯ ಕರುಗಳನ್ನೂ ಕುರಿಮರಿಗಳನ್ನೂ ಉತ್ತರದ ಗಾಳಿಗೆ ಮರೆಯಾದ ಒಣ ಸ್ಥಳದಲ್ಲಿ ಕಟ್ಟಿ, ಕೆಳಗೆ ಹುಲ್ಲು ಹಾಸತಕ್ಕದ್ದು. ಇಬ್ಬನಿಯಿಂದ ತೊಯ್ದ ಹಸಿ ದ್ವಿದಳ ಮೇವನ್ನು ಬರಿ ಹೊಟ್ಟೆಯಲ್ಲಿ ಮೇಯಿಸಿದರೆ ಹೊಟ್ಟೆಯುಬ್ಬರ ಬರುವುದು. ಬಿಸಿಲೇರಿದ ಮೇಲೆ ಬಿಡಬೇಕು. ಚಳಿ ಅಥವಾ ನೀರಿನ ಕೊರತೆಯಿಂದ ಕುಗ್ಗಿ ಮತ್ತೆ ಚಿಗುರಿದ ಎಳೆ ಜೋಳದಲ್ಲಿ ವಿಷವುಂಟಾಗುವುದರಿಂದ ಅದನ್ನು ಹಸಿಯಾಗಿ ಮೇಯಿಸಲೇಬಾರದು.

ರಾತ್ರಿಯ ಪಾಳಿಯಲ್ಲಿ ಕಾಲುವೆಯ ನೀರು ತಿರುವಲು ಹೋಗುವವರು, ಹತ್ತಿ ಬಿಡಿಸಲು ಬಂದು ಹೊಲದಲ್ಲಿಯೇ ತಂಗಿರುವ ಕೂಲಿಯವರು, ಸಂಕ್ರಾಂತಿಯ ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ಬಯಲಿನಲ್ಲಿ ಮಲಗುವ ಭಕ್ತರು, ಇವರ ಕಡೆಗೂ ಗ್ರಾಮಮುಖ್ಯರ ಲಕ್ಷ್ಯವಿರಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿದರೆ ಅದರ ವಿಷವಾಯುವಿನಿಂದ ಪ್ರಾಣಾಪಾಯವುಂಟು. ಇದನ್ನು ಮನೆಮನೆಗೂ ತಿಳಿಸತಕ್ಕದ್ದು.

6. ಊರ ಚಳಿಯ ಪುಸ್ತಕ

ಪ್ರತಿಯೊಂದು ಗ್ರಾಮದಲ್ಲಿಯೂ ಒಂದು ಪುಸ್ತಕವನ್ನು ಇಡುವಂತೆ ಮುಖ್ಯರನ್ನು ವಿನಂತಿಸುವೆನು. ಕನಿಷ್ಠವನ್ನು ಗುರುತಿಸುವ ಎರಡು ಉಷ್ಣಮಾಪಕಗಳು ಬೇಕು. ಒಂದನ್ನು ಊರ ಮಟ್ಟದ ಹೊಲದಲ್ಲಿ ನಾಲ್ಕು ಅಡಿ ಎತ್ತರದಲ್ಲಿ ಬಿಸಿಲು ತಾಗದಂತೆ ಕಟ್ಟಬೇಕು. ಇನ್ನೊಂದನ್ನು ಅತ್ಯಂತ ತಗ್ಗಿನ ಹೊಲದಲ್ಲಿ ಬೆಳೆಯ ಎತ್ತರದಲ್ಲಿ. ಎಳ್ಳ ಅಮಾವಾಸ್ಯೆಯಂದು ಊರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿ ನಮ್ಮಲ್ಲುಂಟಷ್ಟೆ. ಅದಕ್ಕೆ ಒಂದು ತಿಂಗಳು ಮುಂಚೆ ಬರೆಯಲಾರಂಭಿಸಿ, ಚಳಿಯು 'ಶಿವಶಿವಾ' ಎಂದು ಹೋಗುವ ಶಿವರಾತ್ರಿಯವರೆಗೆ ಬರೆಯಬೇಕು. ಪ್ರತಿ ದಿನವೂ ನಾಲ್ಕು ಅಂಕಣಗಳು ಸಾಕು: ಮುನ್ಸೂಚನೆಯ ಕನಿಷ್ಠ, ಮಟ್ಟದ ಹೊಲದ ಕನಿಷ್ಠ, ತಗ್ಗಿನ ಹೊಲದ ಕನಿಷ್ಠ, ಆಕಾಶ ಮತ್ತು ಗಾಳಿಯ ಸ್ಥಿತಿ. ಶಾಲೆಯ ಹುಡುಗನೊಬ್ಬನು ಇದನ್ನು ಮಾಡಬಲ್ಲನು.

ಒಂದು ಋತು ಕಳೆಯುವುದರೊಳಗೆ, ನಿರ್ಮಲ ರಾತ್ರಿಯಲ್ಲಿ ತಮ್ಮ ಊರ ತಗ್ಗಿಗೆ ಮುನ್ಸೂಚನೆಯಿಂದ ಎಷ್ಟು ಕಳೆಯಬೇಕೆಂಬುದು ತಾನೇ ಗೊತ್ತಾಗುವುದು. ಎರಡು ಮೂರು ಋತುಗಳಾದ ಮೇಲೆ, ಸಸಿಮಡಿಗೆ ಯಾವ ಹೊಲ ಸಲ್ಲದು, ಜೋಳವನ್ನು ಎಂದಿನೊಳಗೆ ಬಿತ್ತಬೇಕು ಎಂಬುದನ್ನು ಆ ಪುಸ್ತಕವೇ ಹೇಳುವುದು. ಸುರಪುರ ತಾಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯಕ್ಕಾಗಲಿ ಅದನ್ನು ಕೊಂಡುಹೋಗಿ ತೋರಿಸಿದರೆ, ಅಲ್ಲಿಯವರು ಕೊಡುವ ಸಲಹೆಯು ಜಿಲ್ಲೆಗೆ ಕೊಟ್ಟ ಸಲಹೆಯಾಗಿರದೆ ನಿಮ್ಮ ಊರಿಗೆ ಕೊಟ್ಟ ಸಲಹೆಯಾಗಿರುವುದು.

ಸಾರಾಂಶ

(1) ಹಿಮದ ಸುದ್ದಿ ಬಂದಾಗ ನಮ್ಮ ವಿಭಾಗದ ಮುನ್ಸೂಚನೆಯನ್ನು ದಿನವೂ ಕೇಳಬೇಕು. (2) ಅದರ ಅಂಕೆಯನ್ನು ತಮ್ಮ ಹೊಲದ ತಗ್ಗು ಎತ್ತರಗಳಿಗೂ ಆಕಾಶದ ಸ್ಥಿತಿಗೂ ತಕ್ಕಂತೆ ತಿದ್ದಿಕೊಳ್ಳಬೇಕು. (3) ಸಸಿಮಡಿಯನ್ನು ಮೊದಲು ಕಾಯಬೇಕು, ತೊಗರಿಯನ್ನು ಮಂಜಿನಿಂದಾಗುವ ನಷ್ಟಕ್ಕೆ ನೋಡಬೇಕು, ಕಡಲೆಗೆ ಅಂಜಬೇಕಾದ್ದಿಲ್ಲ. (4) ಜೋಳದ ರಕ್ಷಣೆಯು ಸಕಾಲದ ಬಿತ್ತಿಗೆಯಲ್ಲಿದೆ. (5) ಎಚ್ಚರಿಕೆ ಬಂದ ಸಂಜೆಯೇ ಡಂಗುರದಿಂದಲೋ ಪಂಚಾಯಿತಿಯ ಫಲಕದಿಂದಲೋ ಊರಿಗೆಲ್ಲ ತಿಳಿಸಬೇಕು.

ದೊಡ್ಡ ಭೂಮಾಲೀಕನಿಗೆ ಒಂದು ಮಡಿ ಹೋದರೆ ಇನ್ನೊಂದು ಉಂಟು; ಎರಡು ಎಕರೆಯವನಿಗೆ ಅದೊಂದೇ. ಸುದ್ದಿಯು ಮೊದಲು ಮುಟ್ಟುವುದು ತಮಗಾದ್ದರಿಂದ, ಅದನ್ನು ಕೊನೆಯ ಮನೆಯವರೆಗೆ ಮುಟ್ಟಿಸುವ ಭಾರವೂ ತಮ್ಮದೇ ಎಂದು ಭಾವಿಸಿ ಗ್ರಾಮಮುಖ್ಯರು ಈ ಕಾರ್ಯವನ್ನು ಕೈಗೊಳ್ಳುವರೆಂದು ನಂಬಿರುವೆನು.